ಮುಂದಿನ ಫೋಟೋ ಬರೂತನಕ

ಇಳಕಲ್
೧೨ ಜೂನ್ ೨೦೨೫, ಗುರುವಾರ

ನನ್ನ ಸಿಟ್ಟಿನ ಮಗಳು ಸುಶ್ಮಿತಾಗ, ಮಗ್ಗದ ಮುಂದ ಕುಂತು ನಿಮ್ಮಪ್ಪ ಬರಿಯೂ ಆಶೀರ್ವಾದ.

ಹೆಂಗ ಅದಿ ಮಗಳ? ಕಾಲ ಬಾವು ಇಳದೈತೇನು? ಹ್ವಾದ ವಾರ ವೀರೇಶ ಫೋನ್ ಮಾಡಿದಾಗ, 'ಕಾಲ ಒಂದೀಟ ಬಾತಾವ್ರಿ ಮಾವಾರ, ಬಾಕಿ ಎಲ್ಲಾ ಚೊಲೋ ಐತಿ' ಅಂದ. ಅಳಿಯಂದ್ರ ಅಂದ್ರ ಹಂಗ ಇರಬೇಕು, ನೀ ಎತ್ತದ ಫೋನ್ ಅವ ಎತ್ತತಾನ. ನಿಮ್ಮವ್ವಗ ಹೇಳಿದೆ, ಆಕಿ ಒಂದ ಮಾತ ಅಂದ್ಲು: ಉಪ್ಪಿನಕಾಯಿ ಭರಣಿ ಆಕಿ ಕೈಗೆ ಸಿಗದಂಗ ಇಡಾಕ ಹೇಳ್ರಿ. ನಿದ್ದಿ ಬರತೈತಿಲ್ಲೋ? ಕೂಸು ಒದಿತೈತಿಲ್ಲೋ? ಇವೆಲ್ಲಾ ಬಾಯಿಲೆ ಕೇಳೂ ಮಾತು, ಆದ್ರ ನೀ ಫೋನ್ ಎತ್ತಿದ್ರೂ 'ಊಟ ಆತೇನಪಾ, ಇಡ್ತೇನಿ' ಅಂತಿ. ನಿನ್ನ ಸಿಟ್ಟ ನನಗ ಹೊಸಾದೇನಲ್ಲ. ಅದು ನಿನ್ನ ಹಡದಾಕಿದು, ಸೀದಾ ಆಕಿ ಮೂಗಿನಿಂದ ನಿನ್ನ ಮೂಗಿಗೆ ಇಳದೈತಿ, ನಡುವ ನಾ ಸಿಕ್ಕೊಂಡೇನಿ.

ಪತ್ರ ಬರದು ಎಷ್ಟ ವರ್ಷ ಆಗಿತ್ತೋ ಏನೋ. ಸಾಲ್ಯಾಗ ಕಲಿಸಿದಂಗ ಬರಿಯಾಕ ಹೋದ್ರ ಕೈ ನಿಂದರತೈತಿ, ಅದಕ್ಕ ಮಾತಾಡಿದಂಗ ಬರಿತೇನಿ. ಫೋನ್ದಾಗ ಹೇಳೂಹಂಗ ಇಲ್ಲ. ನಮ್ಮ ಮನಿ ನಿನಗ ಗೊತ್ತು, ಮಗ್ಗದ ಹತ್ತಿರ ಪಿಸುಗುಟ್ಟಿದ್ರ ಅಡಗಿಮನ್ಯಾಗ ಕೇಳಸತೈತಿ. ನಿಮ್ಮವ್ವ ಖಡಕ್ ಹೇಳ್ಯಾಳ: ಏಳ ತಿಂಗಳ ತುಂಬಲಿ, ಆಮ್ಯಾಲ ಬೇಕಾದ್ರ ಹೇಳ್ರಿ, ಆದ್ರ ನನ್ನ ಎದುರಿಗೆ ಹೇಳಬ್ಯಾಡ್ರಿ, ಆಕಿ ಅಳೂದು ನನಗ ಕೇಳಬಾರದು. ಈಗ ಏಳ ತುಂಬ್ಯಾವ, ಎದುರಿಗೇ ಹೇಳೂಣು ಅಂತ ಮೊನ್ನಿ ಬಾದಾಮಿಗೆ ಬಂದೂ ಬಂದೆ. ನಿಮ್ಮ ಅತ್ತಿಯವರು ಚಹಾ ಕೊಟ್ಟು ಎದುರಿಗೆ ಕುಂತ್ರು. ಬೀಗರ ಮುಂದ ಎರಡ ಬಿಸ್ಕೀಟ ತಿಂದು, ಮಳಿ ಯಾವಾಗ ಬರತೈತೋ ಅಂತ ಮಾತಾಡಿ, ದೊಡ್ಡ ಶಾಣ್ಯಾನಂಗ ತಿರುಗಿ ಬಂದೆ. ಈಗ ಅಹ್ಮದಸಾಬ ಸೀರಿ ಗಂಟ ತಗೊಂಡು ಬಾದಾಮಿ ಅಂಗಡಿಗೆ ಹೊಂಟಾನ. ನಿನ್ನ ಸೀರಿ ಮಡಿಕ್ಯಾಗ ಇದನ್ನ ಇಟ್ಟು ಅವನ ಕೈಯಾಗ ಕೊಡ್ತೇನಿ. ಕುಂತು ಓದು ಮಗಳ, ನಿಂತ ಓದಬ್ಯಾಡ. ವೀರೇಶ ಬಾಜೂಕ ಇದ್ರ ಇನ್ನೂ ಚೊಲೋ.

ನಿನ್ನ ಸಿಟ್ಟಿನ ಕಾರಣ ನನಗ ಗೊತ್ತಿಲ್ಲ ಅಂತಲ್ಲ. ಏಪ್ರಿಲ್ ಕಡಿಗೆ ನಿನ್ನ ಬಸರಿನ ಕುಬಸ ಆತು, ನಿನ್ನ ಹಡದವ್ವ ಬರಲಿಲ್ಲ. ಕಾಲ ಉಳಕೇತಿ ಅಂತ ಸುಳ್ಳ ಹೇಳಿ ನಾ ಒಬ್ಬನ ಬುತ್ತಿ ಕಟಗೊಂಡು ಬಂದೆ. ಉಡಿ ತುಂಬೂ ಹೊತ್ತಿನ್ಯಾಗ, ತವರಿನ ಹೆಣ್ಣಮಕ್ಕಳು ಯಾರ್ ಅದೀರಿ, ಮುಂದ ಬರ್ರಿ ಅಂತ ಯಾರೋ ಕರದಾಗ ನೀ ಬಾಗಲದ ಕಡೆ ನೋಡಿದೆಲ್ಲಾ, ಆ ನೋಟ ಇನ್ನೂ ನನ್ನ ಕಣ್ಣಾಗಿಂದ ಹೋಗವಲ್ದು. ಅಷ್ಟಕ್ಕ ಮುಗೀತೇನು? ನಿಮ್ಮವ್ವ ಕುಬಸದ ಹಿಂದಿನ ವಾರ ಬೆಳಗಾವಿ ಬಸ್‌ಸ್ಟ್ಯಾಂಡಿನ್ಯಾಗ ಟಣ್ ಟಣ್ ನಡಕೋತ ಹೊಂಟಿದ್ಲು ಅಂತ ಯಾರೋ ಪುಣ್ಯಾತ್ಮರು ನಿನ್ನ ಕಿವ್ಯಾಗ ಹಾಕಿದ್ರು. ಊರ ತಿರಗಾಕ ಕಾಲ ಅದಾವ, ಮಗಳ ಕುಬಸಕ್ಕ ಇಲ್ಲ ಅಂತ ನೀ ಅಂದ್ಕೊಂಡಿ. ಅವತ್ತಿಂದ, ನನಗ ತವರಮನಿ ಬ್ಯಾಡ, ಬಾಣಂತನ ನಮ್ಮ ಅತ್ತಿನ ಮಾಡ್ತಾರ ಅಂತ ಹಟಾ ಹಿಡದು ಕುಂತಿ. ಖರೆ ಹೇಳ್ತೇನಿ ಕೇಳು. ಆಕಿ ಕಾಲಿಗೆ ಏನೂ ಆಗಿರಲಿಲ್ಲ. ಆಕಿ ಕೊರಳಾಗ ಕ್ಯಾನ್ಸರ್ ಆಗಿತ್ತು. ಬರದು ಬಿಟ್ರ ಎದಿ ಹಗುರ ಆಗತೈತಿ ಅಂದ್ಕೊಂಡಿದ್ದೆ, ಆಗಲಿಲ್ಲ.

ಗಾಬರಿ ಆಗಬ್ಯಾಡ, ಆಕಿ ಚೊಲೋ ಅದಾಳ, ರೊಟ್ಟಿ ಬಡಿತಾಳ, ನನ್ನ ಬೈತಾಳ. ಯಾಕ ಮುಚ್ಚಿಟ್ರಿ ಅಂತಿ. ಹ್ವಾದ ವರ್ಷ ನಿಮ್ಮ ಆಯಿ, ನನ್ನ ಹಡದಾಕಿ, ತೀರಕೊಂಡ ಸುದ್ದಿ ಕೇಳಿ ನೀ ಅಳಕೋತ ಬಸ್ ಹತ್ತಿ ಬಂದಿ, ಅದ ವಾರ ಹೊಟ್ಟ್ಯಾಗಿನ ಕೂಸು ಹೋತು. ಸುದ್ದಿಗೂ ಇದಕ್ಕೂ ಸಂಬಂಧ ಇಲ್ರಿ ಅಂತ ಡಾಕ್ಟರು ಎಷ್ಟ ಹೇಳಿದ್ರೂ ನಿಮ್ಮವ್ವಗ ಒಪ್ಪಿಗಿ ಆಗಲಿಲ್ಲ. ಈ ಸಲ ನೀ ಮತ್ತ ಬಸರಾದ ಸುದ್ದಿ ಬಂದಿದ್ದೂ, ಆಕಿ ಕೊರಳಾಗ ಗಂಟ ಕಂಡಿದ್ದೂ ಒಂದ ತಿಂಗಳದಾಗ. ಬಾಗಲಕೋಟಿಗೆ ಕರಕೊಂಡು ಹೋಗಿ ಸ್ಕ್ಯಾನಿಂಗ್ ಮಾಡಿಸಿದೆ. ಕೊರಳಿಗೆ ತಣ್ಣಂದು ಲೋಳಿ ಹಚ್ಚಿ, ಟಿವ್ಯಾಗ ನೋಡಕೋತ ಸೂಜಿ ಸರಿಯಾಗಿ ಆ ಗಂಟಿಗೇ ಚುಚ್ಚಿ ಪರೀಕ್ಷಾಕ್ಕ ತಗದ್ರು. ಹೊರಗ ಬಂದು, 'ನೂಲಿಗೆ ಗಂಜಿ ಹಚ್ಚಿದಂಗ ಹಚ್ಚಿದ್ರು ನೋಡ್ರಿ' ಅಂತ ನಕ್ಲು. ಆಕಿ ನಕ್ಕಿದ್ದು ಅದ ಕಡಿದು. ಫೆಬ್ರುವರಿಯಾಗ ಬೆಳಗಾವ್ಯಾಗ ಆಪರೇಷನ್ ಆತು, ಥೈರಾಯ್ಡ್ ಗ್ರಂಥಿ ಪೂರಾ ತಗದ್ರು. ನೀ ವಿಡಿಯೋ ಕಾಲ್ ಮಾಡಿದಾಗೆಲ್ಲಾ ಕೊರಳತುಂಬ ಸೆರಗ ಸುತಗೊಂಡು ಕುಂದರತಿದ್ಲು. 'ಇಂಥಾ ಬಿಸಲಾಗ ಚಳಿ ಹತ್ತೇತೇನವ್ವಾ' ಅಂತ ನೀ ಚಾಷ್ಟಿ ಮಾಡಿದಿ. ಹೊಲಿಗಿ ಹಾಕಿದ್ದು ಕಾಣಬಾರದಂತ ಸುತಗೊಂಡಿದ್ಲು ಮಗಳ.

ಆಪರೇಷನ್ ಆದ ಮ್ಯಾಲ ಇನ್ನೊಂದು ಬಂತು. ಒಳಗ ಎಲ್ಲೆರೆ ಅದರ ಬೇರ ಉಳದಿದ್ರ ಅಂತ ಒಂದ ಔಷಧಾ ಕುಡಸತಾರ, ಅಯೋಡಿನ್ ಅಂತ. ನನಗ ಅಲ್ಲಿನ ಲೇಡಿ ಡಾಕ್ಟರು, ಡಾಕ್ಟರ್ ಬಾಯಿ, ಕುಂದ್ರಿಸಿಕೊಂಡು ತಿಳಿಸಿ ಹೇಳಿದ್ರು. ಆ ಔಷಧಾ ರಗತದಾಗ ತಿರಗಿ, ಆ ರೋಗ ಎಲ್ಲಿ ಅಡಗೇತಿ ಹುಡಿಕ್ಕೊಂಡು ಅಲ್ಲೇ ಹೋಗಿ ಕುಂದರತೈತಂತ. ಕುಂತಲ್ಲಿಂದ ಕಣ್ಣಿಗೆ ಕಾಣದ ಕಿರಣ ಬಿಡತೈತಂತ, ಆ ಕಿರಣಾನ ರೋಗ ಸುಡತೈತಂತ. ಮಿಷನ್ ಮತ್ತ ಅದ ಕಿರಣ ಹಿಡದು ಫೋಟೋ ತಗೀತೈತಂತ. ಅಂದ್ರ ತೋರಸೂದೂ ಅದ, ಸುಡೂದೂ ಅದ. ಕೇಳಿ ಎಪ್ಪಾ ಅಂದೆ, ಎಂಥಾ ಕಾಲ ಬಂತು! ಆದ್ರ ಆ ಕಿರಣ ಮೈಯಾಗ ಇರೂತನಕ ಬಾಜೂಕಿನವರಿಗೂ ತಾಗತೈತಿ. ಅದಕ್ಕ ಆಕಿನ್ನ ಒಂದ ಖೋಲ್ಯಾಗ ಒಬ್ಬಾಕಿನ್ನ ಇಟ್ಟು ಬಾಗಲಾ ಹಾಕಿದ್ರು. ಊಟದ ತಾಟ ಬಾಗಲದಾಗ ಇಟ್ಟ ಹೋಗೂದು, ಮಾತೆಲ್ಲಾ ಫೋನಿನ್ಯಾಗ. ನಾ ಹೊರಗ ಬಾಂಕಿನ ಮ್ಯಾಲ ಕುಂತಿದ್ದೆ, ಆಕಿ ಒಳಗ. ಲಗ್ನಾದಾಗಿಂದ ಒಂದ ದಿನಾ ಬಿಟ್ಟ ಇರಲಾರದಾಕಿ ಫೋನ್ ಮಾಡಿ, ಬಾಗಲಾಗ ಕೂಡಬ್ಯಾಡ್ರಿ, ನಿಮಗ ತಾಗತೈತಿ ಅಂತ ನನ್ನ ಬೈದ್ಲು. ಮನಿಗೆ ಕಳಸೂ ಮುಂದ ಡಾಕ್ಟರ್ ಬಾಯಿ ಹೇಳಿದ್ರು: ಮೂರ ವಾರ ಬಸರ ಹೆಂಗಸರು, ಸಣ್ಣ ಕೂಸುಗಳು, ಇವರ ಹತ್ತಿರ ಸುದ್ದಾ ಹೋಗೂದಲ್ಲ. ನಿನ್ನ ಕುಬಸ ಆ ಮೂರ ವಾರದ ನಡುವ ಬಂತು. ಬೆಳಗಾವಿ ಬಸ್‌ಸ್ಟ್ಯಾಂಡಿನ್ಯಾಗ ಆಕಿನ್ನ ಕಂಡದ್ದೂ ಆ ಔಷಧಾ ಕುಡ್ಯಾಕ ದವಾಖಾನಿಗೆ ಹೋಗೂ ಮುಂದ. ಈಗ ತಿಳೀತೇನು, ಆಕಿ ಯಾಕ ಬರಲಿಲ್ಲ ಅಂತ? ನಾ ಬುತ್ತಿ ಗಂಟ ಹೊತಗೊಂಡು ಹೊಂಟಾಗ ಆಕಿ ಹಿತ್ತಲದಾಗ ನಿಂತು ಆ ಕಡೆ ಮುಖಾ ಮಾಡಿದ್ಲು, ನನ್ನ ಕಳಸಾಕೂ ಬರಲಿಲ್ಲ.

ಇಲ್ಲೀತನಕ ಸರಿ. ಮೂರ ವಾರ ಮುಗದು ಎಷ್ಟೋ ದಿನಾ ಆದ್ವು. ನಾ ಮತ್ತ ಡಾಕ್ಟರಿಗೆ ಫೋನ್ ಮಾಡಿ ಕೇಳಿದೆ. ಇನ್ನ ಏನೂ ಅಂಜಿಕಿ ಇಲ್ಲ, ಮಗಳನ್ನ ಕರಸ್ರಿ, ಕೂಸಿನ್ನ ಎತ್ಕೊಳ್ರಿ, ಮುದ್ದ ಮಾಡ್ರಿ ಅಂದ್ರು. ನಿಮ್ಮವ್ವ ಕೇಳವಲ್ಲಳು. ಔಷಧಾ ಕುಡದ ವಾರಕ್ಕ ತಗದ ಫೋಟೋದ ಫಿಲಂ ಮನ್ಯಾಗ ಐತಿ. ಕರೇ ಹಾಳ್ಯಾಗ ಬೆಳ್ಳಗ ಆಕಿ ಮೈಯಿನ ನೆರಳು, ಕೊರಳಾಗ ಒಂದ ಬೆಳಕಿನ ಚುಕ್ಕಿ, ಎದಿ ಬಲಕ್ಕ ಇನ್ನೊಂದು ಮಬ್ಬಂದು. ಕೊರಳಾಗಿಂದು ಸುಟ್ಟ ಹೋಗತೈತಿ, ಎದ್ಯಾಗಿಂದು ಏನಂತ ಅಕ್ಟೋಬರ್ ಫೋಟೋದಾಗ ನೋಡೂಣು ಅಂದಾರ ಡಾಕ್ಟರು. ನಿಮ್ಮವ್ವ ದಿನಾ ಮುಂಜಾನೆ ಮಾರಿ ತೊಳಕೊಂಡು ಆ ಫಿಲಂ ಕಿಡಕಿ ಬೆಳಕಿಗೆ ಹಿಡದು ನೋಡ್ತಾಳ. ಹುಚ್ಚಿ, ಅದು ಏಪ್ರಿಲ್‌ದಾಗ ತಗದದ್ದು, ಅದರಾಗಿನ ಚುಕ್ಕಿ ಎಲ್ಲಿಗೆ ಹೋಗತೈತಿ ಅಂದೆ. ಆಕಿ ಏನಂದ್ಲು ಗೊತ್ತೇನು? 'ಫೋಟೋ ಅಂದ್ರ ಏನಂತ ನನಗ ಗೊತ್ತಿಲ್ಲೇನು? ಬಾಯಿಮಾತು ನಾ ಕೇಳಂಗಿಲ್ಲ. ನನ್ನ ಒಳಗ ಬೆಳಕ ಇದ್ದದ್ದು ಕಣ್ಣಿಲೆ ನೋಡೇನಿ, ಇಲ್ಲದ್ದೂ ಕಣ್ಣಿಲೆ ನೋಡಬೇಕು. ಮುಂದಿನ ಫೋಟೋ ಬರೂತನಕ ನಾ ಆಕಿ ಹತ್ತಿರ ಹಾಯಂಗಿಲ್ಲ. ಒಂದ ಸಲ ಕೂಸು ಹೋಗೇತಿ, ಇನ್ನೊಂದ ಸಲ ನನ್ನಿಂದ ಹೋಗಬಾರದು.' ಒಂದೊಂದ ಮುಂಜಾನೆ ನಾನೂ ಆಕಿ ಹಿಂದ ನಿಂತು ಆ ಫಿಲಂ ನೋಡ್ತೇನಿ.

ಬಾಜೂ ಮನಿ ಮಾಬುಬಿ ಮೊಮ್ಮಗ ಈಗ ಅಂಬೆಗಾಲ ಇಡ್ತಾನ. ಮೊನ್ನಿ ನಮ್ಮ ಪಡಸಾಲಿಗೆ ಬಂದ್ಬಿಟ್ಟ, ಸೀದಾ ನಿಮ್ಮವ್ವನ ಕಡೆ. ಮೊದಲಾಗಿದ್ರ ಆಕಿ ಎತ್ಕೊಂಡು ಬೆಲ್ಲಾ ತಿನಸತಿದ್ಲು. ಈಗ ಹಾವ ಕಂಡಂಗ ಎದ್ದು, ಸೀರಿ ಎತ್ತಿ ಹಿಡಕೊಂಡು, ಒಳಗ ಹೋದ್ಲು. ಅವ ಆಟಾ ಅಂತ ತಿಳಕೊಂಡು ಕಿಲಕಿಲ ನಕ್ಕೋತ ಬೆನ್ನ ಹತ್ತಿದ. ಹಿತ್ತಲ ಬಾಗಲಾ ತಗದು ಹೊರಗ ಹೋಗಿ ಚಿಲಕಾ ಹಾಕ್ಕೊಂಡ್ಲು. ಕೂಸು ಬಾಗಲಾ ಬಡಕೋತ ಕುಂತಿತ್ತು, ಆ ಕಡೆ ಆಕಿ ಅಳೂದು ನನಗ ಕೇಳಸತಿತ್ತು. ನೀ ಕಳಿಸಿದ ನಿನ್ನ ಕೂಸಿನ ಸ್ಕ್ಯಾನ್ ಫೋಟೋದ ಸಂಗತೀನೂ ಹಂಗ. ಸ್ಟುಡಿಯೋದಾಗ ದೊಡ್ಡದು ಮಾಡಿಸಿ ತಂದು ಮಗ್ಗದ ಮ್ಯಾಲಿನ ಗ್ವಾಡಿಗೆ ನನ್ನ ಕೈಲೆ ಹಚ್ಚಿಸಿದ್ಲು, ತಾ ಮುಟ್ಟಲಿಲ್ಲ. ತನ್ನ ಫಿಲಂ ಒಳಗಿನ ಖೋಲ್ಯಾಗ. ಎರಡೂ ಒಂದ ಖೋಲ್ಯಾಗ ಇರಬಾರದಂತ. ಹಾಳಿಯಿಂದ ಹಾಳಿಗೆ ಹತ್ತತೈತೇನ ಅಂತ ನಾ ಒದರ್ಯಾಡಿದೆ. ಹತ್ತಂಗಿಲ್ಲ ಅಂತ ನನಗೂ ಗೊತ್ತೈತಿ, ಇರ್ಲಿ, ದೂರ ಇರ್ಲಿ ಅಂದ್ಲು. ಇಷ್ಟ ಕೇಳಿದ ಮ್ಯಾಲೂ ಹಡದವ್ವಗ ಮಗಳ ಮ್ಯಾಲ ಜೀವ ಇಲ್ಲ ಅಂತ ನೀ ಅಂದ್ರ ನಾ ನಿನ್ನ ಕೂಡ ಮಾತ ಬಿಡ್ತೇನಿ, ನೋಡು ಮತ್ತ.

ಈ ಸೀರಿ ನಿನ್ನ ಸಲವಾಗಿ ನೇದದ್ದು. ಹಸರ ಒಡಲು, ಕೆಂಪ ಸೆರಗು, ನಿನಗ ಸೇರೂ ಚಿಕ್ಕಿ ಪರಾಸ ದಡಿ. ಒಡಲಿನ ಎಳಿಗೆ ಸೆರಗಿನ ಎಳಿ ಕೊಂಡಿ ಹಾಕಿ ಕೂಡಸೂ ಕೆಲಸ ನಮ್ಮ ಮನ್ಯಾಗ ಯಾವತ್ತೂ ನಿಮ್ಮವ್ವಂದ. ಅದನ್ನ ಆಕಿ ಔಷಧಾ ಕುಡ್ಯಾಕ ಹೋಗೂ ಮೊದಲ ಮುಗಿಸಿದ್ಲು. ಬಂದ ಮ್ಯಾಲ ಈ ನೂಲ ಬೆರಳಿಲೆ ಸುದ್ದಾ ಮುಟ್ಟಿಲ್ಲ, ಕಂಡಿಕಿಗೆ ನೂಲ ಸುತ್ತಿದಾವನೂ ನಾನ, ನೇದಾವನೂ ನಾನ. ಅದಕ್ಕ ದಡಿ ಒಂದೆರಡ ಕಡೆ ಸೊಟ್ಟ ಆಗೇತಿ, ನಗಬ್ಯಾಡ. ಈ ಮಾತ ಆಕಿನ ಬರಸ್ಯಾಳ, ಮಗಳು ಅಂಜದ ಉಡ್ಲಿ ಅಂತ.

ಇನ್ನ ಆಕಿ ಹೇಳಿದ್ದು. ಹೆರಿಗಿ ಆಗಸ್ಟ್‌ದಾಗ ಬಾದಾಮ್ಯಾಗ ಆಗ್ಲಿ, ಬಾಣಂತನಾನೂ ಅಲ್ಲೇ. ಅಂಟಿನ ಉಂಡಿ ನಾ ಯಾರ ಕೈಲೆರೆ ಮಾಡಿಸಿ ಕಳಸಬೇಕು. ಬಾ ಅಂತ ನಿನ್ನ ಕರಿಯಂಗಿಲ್ಲ ಅಂತ ಆಕಿ ನನ್ನ ಕೈ ತಗೊಂಡು ತನ್ನ ತಲಿಮ್ಯಾಲ ಇಟಗೊಂಡು ಆಣಿ ಮಾಡಿಸ್ಯಾಳ. ಅದಕ್ಕ ಕರಿಯಂಗಿಲ್ಲ. ಸಿಟ್ಟಷ್ಟ ಬಿಡು, ದಿನಾ ಒಂದ ಸಲ ಫೋನ್ ಮಾಡಿ 'ಅವ್ವಾ' ಅನ್ನು, ಸಾಕು. ನಿಮ್ಮ ಅತ್ತಿ ಮಾವಗ ನನ್ನ ಶರಣು ಹೇಳು, ವೀರೇಶಗ ಆಶೀರ್ವಾದ. ಬನಶಂಕರಿ ತಾಯಿ ನಿನ್ನೂ, ನಿನ್ನ ಹೊಟ್ಟ್ಯಾಗಿನ ಜೀವಾನೂ, ನನ್ನ ಈ ಹಟಮಾರಿನ್ನೂ ಕಾಯಲಿ.

ಇಬ್ಬರ ನಡುವ ಸಿಕ್ಕೊಂಡ ನಿಮ್ಮಪ್ಪ,
ಶಿವಸಂಗಪ್ಪ

ತಾ.ಕ.: ಅಹ್ಮದಸಾಬ ಬಾಗಲಾಗ ಹಾರ್ನ್ ಹೊಡ್ಯಾಕತ್ತಾನ, ಗಡಿಬಿಡಿಲೆ ಬರಿತೇನಿ. ಸೀರಿ ಮಡಚಾಕ ಎದ್ದು ನೋಡಿದ್ರ ಗ್ವಾಡಿಮ್ಯಾಲ ಕೂಸಿನ ಫೋಟೋ ಇಲ್ಲ. ಒಳಗ ಹೋದೆ. ನಿಮ್ಮವ್ವ ಅದನ್ನ ಕಿಡಕಿ ಬೆಳಕಿಗೆ ಹಿಡದು ನಿಂತಿದ್ಲು, ತನ್ನ ಫಿಲಂ ಹಿಡಿಯೂಹಂಗ. 'ಇದರಾಗ ಆ ಚುಕ್ಕಿ ಇಲ್ಲಲ್ರೀ? ನನ್ನ ಕಣ್ಣ ಮಂಜಾಗ್ಯಾವ, ನೀವ ನೋಡ್ರಿ' ಅಂದ್ಲು. ನೋಡಿದೆ. ಇಲ್ಲ, ಸ್ವಚ್ಛ ಐತಿ ಅಂದೆ. ಫೋಟೋ ವಾಪಸ್ ಕೊಡಲಿಲ್ಲ, ಎದಿಗೆ ಅವಚಿಕೊಂಡು ಅಲ್ಲೇ ನೆಲಕ್ಕ ಕುಂತ್ಲು. ಇನ್ನೂ ಕುಂತಾಳ. ಮಗಳ, ಮ್ಯಾಲ ಬರದದ್ದು ಆಕಿ ಮಾತು, ಇದು ನಂದು. ಡಾಕ್ಟರ್ ಬಾಯಿ ನನಗೊಬ್ಬಂಗ ಒಂದು ಹೇಳ್ಯಾರ. ಅಕ್ಟೋಬರ್ ಫೋಟೋದಾಗ ಎದ್ಯಾಗಿನ ಆ ಮಬ್ಬ ಚುಕ್ಕಿ ಉಳದಿದ್ರ ಮತ್ತ ಔಷಧಾ ಕುಡಸಬೇಕಂತ. ಮತ್ತ ಬಾಗಲಾ ಹಾಕ್ತಾರ, ಮತ್ತ ಕೂಸಿನ ಹತ್ತಿರ ಹೋಗೂಹಂಗಿಲ್ಲ. ಮುಂದಿನ ಫೋಟೋ ಬರೂತನಕ ಕಾಯ್ತೇನಿ ಅಂತಾಳ ಆಕಿ. ಕೂಸಿನ್ನ ಎತ್ಕೊಳ್ಳಾಕ ಆಕಿಗೆ ಇರೂ ದಿನಾನ ಅವು, ಆಗಸ್ಟ್‌ದಿಂದ ಅಕ್ಟೋಬರ್ ತನಕ, ಆಮ್ಯಾಲಿಂದು ಯಾರಿಗೆ ಗೊತ್ತು? ಇದನ್ನ ಆಕಿ ಮುಂದ ಹೇಳಾಕ ನನಗ ಬಾಯಿ ಬರವಲ್ದು. ಆಣಿ ಮುರದ ಪಾಪ ನನಗ ಇರ್ಲಿ, ನೀ ಬಾ. ಫೋನ್ ಮಾಡಬ್ಯಾಡ, ಕೇಳಬ್ಯಾಡ. ಕಾರಿನ್ಯಾಗ ಬರಬಹುದು ಅಂತ ನಿನ್ನ ಡಾಕ್ಟರು ಹೇಳ್ಯಾರಂತ, ವೀರೇಶನ ಕರಕೊಂಡು ಬಂದು ಬಾಗಲಾಗ ನಿಂದರು. ಆಕಿ ಹಿಂದ ಹಿಂದ ಸರಿತಾಳ, ನೀ ಮುಂದ ಬಾ. ಹಿತ್ತಲ ಬಾಗಲದ ಚಿಲಕಾ ನಾ ಮೊದಲ ಹಾಕಿರ್ತೇನಿ.