ಸಿಂತವ್ವನ ಮೂರನೆಯ ನಾಬ್

ಗಾಳಿಹಾಳ, ಕಪ್ಪತಗುಡ್ಡದ ಬುಡ
ಇಸವಿ ೨೩೧೪, ಫೆಬ್ರವರಿ ೩೦

ಬೆಟಗೇರಿಯ ಜೈಬುನ್ನಿಸಾ ನದಾಫ ಅವರಿಗೆ ಈರವ್ವ ಹೊಂಬಳ ಮಾಡುವ ನಮಸ್ಕಾರಗಳು.

ತಾರೀಖು ನೋಡಿ ಗಾಬರಿಯಾಗಬೇಡಿ. ಫೆಬ್ರವರಿಯೊಂದಕ್ಕೇ ಕಡಿಮೆ ದಿನ ಕೊಟ್ಟದ್ದು ಅನ್ಯಾಯವೆಂದು ನಮ್ಮ ಹಿರಿಯರು ಜನವರಿಯಿಂದ ಒಂದು, ಮಾರ್ಚಿನಿಂದ ಒಂದು ದಿನ ತೆಗೆದು ಇದಕ್ಕೆ ಸೇರಿಸಿದ್ದಾರೆ. ನನ್ನ ಮಾತುಗಳು ವಿಚಿತ್ರವೆನಿಸಿದರೆ ಕ್ಷಮೆಯಿರಲಿ. ನಿಮ್ಮ ಕಾಲದ ಬರಹದ ಕನ್ನಡವನ್ನು ನಾನು ಹಳೆಯ ಪುಸ್ತಕಗಳಿಂದ ಕಲಿತವಳು, ಎಲ್ಲಿ ಯಾವ ಶಬ್ದ ಹಳಸಿದೆಯೋ ತಿಳಿಯದು. ನಿಮ್ಮನ್ನು ಏನೆಂದು ಕರೆಯಬೇಕೆಂಬುದೂ ಒಂದು ಪಜೀತಿಯೇ. ಕಾಲದ ಲೆಕ್ಕದಲ್ಲಿ ನೀವು ನನ್ನ ಮುತ್ತಜ್ಜಿಗೂ ಮುತ್ತಜ್ಜಿ. ವಯಸ್ಸಿನ ಲೆಕ್ಕದಲ್ಲಿ, ಈ ಪತ್ರ ಮುಟ್ಟುವಾಗ, ನನ್ನ ಮಗಳ ಓರಗೆಯವರು. ಎರಡರ ನಡುವೆ ಹಿಡಿದು ಅಕ್ಕಾ ಎನ್ನುತ್ತೇನೆ.

ಈ ಪತ್ರ ಹಿಂಟಪಾಲಿನಲ್ಲಿ ಬರುತ್ತಿದೆ. ಕಳೆದ ಕಾಲಕ್ಕೆ ಪತ್ರ ಒಯ್ಯುವ ಟಪಾಲಿಗೆ ನಾವು ಹಾಗೆನ್ನುತ್ತೇವೆ. ಒಬ್ಬರಿಗೆ ಜೀವಮಾನದಲ್ಲಿ ಒಂದೇ ಪತ್ರ. ಬಹಳ ಜನ ಅದನ್ನು ತೀರಿಹೋದ ತಾಯಿಗೆ ಬರೆಯುತ್ತಾರೆ, ನಾನೂ ಅವ್ವನಿಗೆಂದೇ ಇಟ್ಟುಕೊಂಡಿದ್ದೆ. ನಿನ್ನೆ ನಡೆದದ್ದನ್ನು ಕಂಡ ಮೇಲೆ ಮನಸ್ಸು ಬದಲಾಯಿತು. ನಿಮ್ಮಲ್ಲಿ ಒಂದು ಬೇಡಿಕೊಳ್ಳುವುದಿದೆ. ಅದು ನಿಮ್ಮ ಮೇಜಿನ ಮೇಲಿರುವ ಸಿಂಥಸೈಜರ್‌ನ ಮೂರನೆಯ ನಾಬಿನ ವಿಷಯ.

ಆ ಯಂತ್ರ ಈಗ ನನ್ನ ಮುಂದಿದೆ. ಅದರ ಬೆನ್ನ ಮೇಲೆ ನಿಮ್ಮ ಹೆಸರಿದೆ, ಊರಿದೆ, 'ಹೊಸ ಸಾಫ್ಟ್‌ವೇರಿಗೆ ಜೋಡಿಸಿದ ದಿನ' ಎಂದು ಒಂದು ತಾರೀಖೂ ಇದೆ. ಪತ್ರ ಆ ತಾರೀಖಿನ ಹಿಂದಿನ ದಿನಕ್ಕೆ ಮುಟ್ಟುವಂತೆ ಹಾಕಿದ್ದೇನೆ. ಊರಲ್ಲಿ ಎಲ್ಲರೂ ಈ ಯಂತ್ರವನ್ನು ಸಿಂತವ್ವ ಎನ್ನುತ್ತಾರೆ. ಇವಳನ್ನು ಕಾಯುವವಳು ಸ್ವರಗೌಡ್ತಿ. ನಮ್ಮ ಅವ್ವನ ನಂತರ ಆ ಹುದ್ದೆ ನನ್ನದು. ಹುದ್ದೆ ಎಂದರೆ ದೊಡ್ಡದೇನಲ್ಲ. ಧೂಳು ಒರೆಸುವುದು, ಇಲಿ ಓಡಿಸುವುದು, ಯಾರಾದರೂ ಚಹಾದ ಕಪ್ಪು ಹಿಡಿದು ಹತ್ತಿರ ಬಂದರೆ ಬಾಯಿ ಮಾಡುವುದು.

ನಮ್ಮಲ್ಲಿ ಕರೆಂಟು ಗಾಳಿಯದು. ಗುಡ್ಡದ ಮೇಲಿನ ರೆಕ್ಕೆಗಳು ತಿರುಗಿದರೆ ದೀಪ, ಅಡುಗೆ, ಹಾಡು; ನಿಂತರೆ ಎಲ್ಲವೂ ನಿಂತಂತೆ. ಗಾಳಿ ಬಂದೊಡನೆ ಯಾರಾದರೂ ಓಡಿಹೋಗಿ ಸಿಂತವ್ವನ ಸ್ವಿಚ್ ಒತ್ತುತ್ತಾರೆ. ತಣ್ಣಗಿರುವಾಗ ಇವಳ ಸ್ವರ ಒಂದು ಕಡೆ ನಿಲ್ಲುವುದಿಲ್ಲವೆಂಬುದು ನಿಮಗೆ ಗೊತ್ತೇ ಇದೆ, ಮೈ ಬೆಚ್ಚಗಾಗುವ ತನಕ ತಡೆಯಬೇಕು. ಆ ಹೊತ್ತಿಗೆ ನಾವು ಕಾವುಹೊತ್ತು ಎನ್ನುತ್ತೇವೆ. ಹಾಡಲು ಬಂದವರೆಲ್ಲ ಚಾಪೆಯ ಮೇಲೆ ಕುಳಿತು ಮಾತಿಗಿಳಿಯುತ್ತಾರೆ. ಊರಿನ ಅರ್ಧ ಜಗಳ ಹುಟ್ಟುವುದೂ ಅಲ್ಲೇ, ಬಗೆಹರಿಯುವುದೂ ಅಲ್ಲೇ. ನನ್ನ ಮದುವೆಯ ಮಾತು ನಡೆದದ್ದು ಒಂದು ಕಾವುಹೊತ್ತಿನಲ್ಲಿ. ಅಂದು ಗಾಳಿ ನಿಂತಿದ್ದರೆ ತಾನು ಬಚಾವಾಗುತ್ತಿದ್ದೆನೆಂದು ನಮ್ಮ ಯಜಮಾನರು ಈಗಲೂ ಹೇಳುತ್ತಾರೆ. ಹಾಗೆ ಹೇಳಿದ ದಿನ ಅವರಿಗೆ ರಾತ್ರಿಯ ಊಟ ತಡವಾಗುತ್ತದೆ.

ಇನ್ನು ಆ ನಾಬ್. ಇಡೀ ಯಂತ್ರದ ಸ್ವರವನ್ನು ಒಂದಿಷ್ಟು ಏರಿಸುವ, ಇಳಿಸುವ ನಾಬ್ ಅದು. ಅದರ ಕೆಳಗೆ ಒಂದು ಚೂರು ಟೇಪು ಹಚ್ಚಿದೆ, ಟೇಪಿನ ಮೇಲೆ 'ಮುಟ್ಟಬ್ಯಾಡ್ರಿ' ಎಂದು ಬರೆದಿದೆ. ಅಕ್ಷರ ನಿಮ್ಮದೇ. ಟೇಪು ಹಳದಿಯಾಗಿದೆ, ಮೇಲೆ ಗಾಜು ಕೂಡಿಸಿದ್ದೇವೆ. ಅಕ್ಕಾ, ನಾವು ಮುಟ್ಟಲಿಲ್ಲ. ಹತ್ತಿರ ಹತ್ತಿರ ಮುನ್ನೂರು ವರ್ಷ, ಒಬ್ಬರೂ ಮುಟ್ಟಲಿಲ್ಲ. ಜಗತ್ತಿಗೇ ತಾಮ್ರ ಸಾಲದೆ ಹೋದ ಕಾಲವೊಂದಿತ್ತು, ತಾಮ್ರಬರ ಎನ್ನುತ್ತೇವೆ. ಆಗ ಸುತ್ತಲ ಊರುಗಳ ಹಳೆಯ ಯಂತ್ರಗಳನ್ನೆಲ್ಲ ಬಿಚ್ಚಿ ತಂತಿ ಕಿತ್ತರು. ಸಿಂತವ್ವನ ಬಳಿಗೂ ಸ್ಕ್ರೂಡ್ರೈವರ್ ಹಿಡಿದು ಬಂದರಂತೆ. ಟೇಪಿನ ಮೇಲಿನ ಮಾತು ಓದಿದರು, ಒಬ್ಬರ ಮುಖ ಒಬ್ಬರು ನೋಡಿಕೊಂಡರು, ಯಾಕೆ ಬೇಕು ಇಲ್ಲದ ಉಸಾಬರಿ ಎಂದು ಹೊರಟುಹೋದರು. ಹೀಗೆ ಇವಳೊಬ್ಬಳು ಉಳಿದಳು. ನೀವು ಬಿಟ್ಟುಹೋದ ಸ್ವರಕ್ಕೇ, ಅಂದರೆ ಲೋಕದ ಸ್ವರಕ್ಕಿಂತ ತುಸು ಕೆಳಗೆ, ನಮ್ಮೂರ ಕೂಸುಗಳೆಲ್ಲ ಹಾಡು ಕಲಿತವು.

ಇದರಿಂದ ಯಾರಿಗೂ ತೊಂದರೆಯಿರಲಿಲ್ಲ, ನನ್ನ ತಂಗಿ ನೀಲವ್ವನ ಸುದ್ದಿ ಬರುವ ತನಕ. ಅವಳನ್ನು ತೇಲೂರಿಗೆ ಕೊಟ್ಟಿದೆ. ಕಾರವಾರದಾಚೆ ಸಮುದ್ರದ ಮೇಲೆ ತೇಲುವ ಊರು ಅದು. ಅವಳ ಗಂಟಲಲ್ಲಿ ಗಡ್ಡೆ. ಈ ಬುಧವಾರ ಆಪರೇಷನ್. ಜೀವಕ್ಕೆ ಭಯವಿಲ್ಲ, ದನಿ ಮಾತ್ರ ಉಳಿಯುವುದಿಲ್ಲ ಎಂದು ಡಾಕ್ಟರು ಹೇಳಿದ್ದಾರೆ. ಅದಕ್ಕೆ ಮುಂಚೆ ಒಂದು ಸಲ, ಚಿಕ್ಕವರಿದ್ದಾಗ ಹಾಡುತ್ತಿದ್ದ ಬೀಸುವ ಪದವನ್ನು ನನ್ನೊಡನೆ ಕೂಡಿ ಹಾಡಬೇಕೆಂದು ಅವಳ ಆಸೆ. ಈ ತಿಂಗಳು ಸಮುದ್ರದ ದಾರಿ ಮುಚ್ಚಿರುತ್ತದೆ, ಹೋಗುವಂತಿಲ್ಲ. ನನಗೆ ಅನ್ನ ಸೇರದಂತಾಯಿತು.

ಅವಳಿಗಾಗಿಯೇ ನಾವು ಅಜ್ಜನ ಕಾಲದ ಸಾಫ್ಟ್‌ವೇರ್ ಬಿಟ್ಟು 'ಕೂಡಲ' ಎಂಬ ಹೊಸದಕ್ಕೆ ಬಂದೆವು. ದೂರದೂರುಗಳ ಹಾಡುಗಾರರನ್ನು ಒಂದೇ ಕೋಣೆಯಲ್ಲಿ ಕೂತವರಂತೆ ಕೂಡಿಸುವುದು ಅದರ ಹೆಚ್ಚುಗಾರಿಕೆ. ಬದಲಾಯಿಸುವುದೇನು ಸುಲಭವೇ? ಬೇರೆಯವರ ಅಡುಗೆಮನೆಯಲ್ಲಿ ಒಗ್ಗರಣೆ ಹಾಕಲು ನಿಂತಂತೆ, ಸಾಸಿವೆ ಸಿಕ್ಕರೆ ಎಣ್ಣೆ ಸಿಗುವುದಿಲ್ಲ. ಕೈಗೆ ರೂಢಿಯಾದದ್ದೆಲ್ಲ ಅಲ್ಲಿ ಬೇರೆ ಜಾಗದಲ್ಲಿತ್ತು. ಇಷ್ಟಾಗಿಯೂ ಸಿಂತವ್ವನನ್ನು ಅದು ಒಪ್ಪುವುದೆಂಬ ಭರವಸೆ ನನಗಿರಲಿಲ್ಲ. ಅದು ಹುಟ್ಟಿದ್ದು ಹೋದ ವರ್ಷ, ಇವಳು ನಿಮ್ಮ ಕಾಲದವಳು. ನಡುವೆ ಎಷ್ಟು ಊರು ಮುಳುಗಿವೆ, ಎಷ್ಟು ಭಾಷೆ ಹೋಗಿವೆ. ಯಂತ್ರಕ್ಕೆ ಯಂತ್ರ ಜೋಡಿಸುವ ನಿಮ್ಮ ಐದು ಕಡ್ಡಿಯ ಮಿಡಿ ಕೇಬಲ್ಲನ್ನು ಚುಚ್ಚಿ ಪರದೆಯ ಮೇಲೆ ಒಂದು ಸ್ವರ ಒತ್ತಿದೆ. ಸಿಂತವ್ವ ಓಗೊಟ್ಟಳು. ಅಬ್ಬಬ್ಬಾ! ಬೇರೆ ಬೇರೆ ಯಂತ್ರಗಳು ಒಂದೇ ಭಾಷೆ ಆಡಲಿ ಎಂದು ನಿಮಗೂ ಹಿಂದಿನವರು ಯಾರೋ ಕೂತು ಒಪ್ಪಂದ ಮಾಡಿಕೊಂಡಿದ್ದರಲ್ಲ, ಅದನ್ನು ಇಂದಿನ ತನಕ ಯಾರೂ ಮುರಿದಿಲ್ಲ. ಮನುಷ್ಯರು ಇಷ್ಟು ಕಾಲ ಕೊಟ್ಟ ಮಾತಿಗೆ ನಿಂತದ್ದನ್ನು ನಾನು ಬೇರೆಲ್ಲೂ ಕಂಡಿಲ್ಲ. ಕೇಬಲ್ ಕೈಯಲ್ಲಿ ಹಿಡಿದುಕೊಂಡೇ ಅತ್ತುಬಿಟ್ಟೆ.

ಆದರೆ ಸಿಂತವ್ವನ ಸ್ವರ ಲೋಕದ ಸ್ವರಕ್ಕೆ ಹೊಂದುತ್ತಿಲ್ಲ, ಹೊಂದದೆ ಕೂಡಿಸಲಾರೆನೆಂದು ಕೂಡಲ ತಕರಾರು ತೆಗೆಯಿತು. ಬೇಕಾದರೆ ನಮ್ಮ ದನಿಗಳನ್ನು ತಾನೇ ತಿದ್ದಿ ಮೇಲೆತ್ತುವುದಾಗಿ ಹೇಳಿತು. ಹಾಗೇ ಮಾಡಿ, ನನ್ನ ಹಾಡಿನ ಒಂದು ಸಾಲನ್ನು ನೀಲವ್ವನಿಗೆ ಕಳಿಸಿದೆ. "ಅದು ನೀ ಅಲ್ಲ ಬಿಡಕ್ಕಾ," ಅಂದಳು. "ಯಾರೋ ಬ್ಯಾರೆ ಹೆಣ್ಮಗಳು. ಭಾಳ ಶಾಣ್ಯಾಕಿ ಇದ್ದಂಗ ಅದಾಳ."

ಉಳಿದದ್ದು ಒಂದೇ ದಾರಿ. ಸಿಂತವ್ವನ ಸ್ವರವನ್ನೇ ಏರಿಸಬೇಕು, ನಾವು ಅದಕ್ಕೆ ಸರಿಯಾಗಿ ಹಾಡಬೇಕು. ನಿನ್ನೆ ಕಾವುಹೊತ್ತಿನಲ್ಲಿ ಊರವರ ಮುಂದೆ ಈ ಮಾತು ತೆಗೆದೆ. ನಮ್ಮ ಹಿರಿಯ ಫಕೀರಪ್ಪಣ್ಣ ಎದ್ದೇ ನಿಂತ. "ಏ, ಟೇಪ ಹಚ್ಚಿದಾಕಿ ಏನ ಕಂಡಿದ್ಲೋ ಏನೋ! ಬ್ಯಾಡ ಅಂದಾಳಂದ್ರ ಬ್ಯಾಡ!" ತಿರುವಿದರೆ ಸಿಂತವ್ವ ಸುಟ್ಟುಹೋದಾಳು ಎಂದರು ಕೆಲವರು. ನನಗೂ ಹೆದರಿಕೆಯೇ. ಅತ್ತ ತೇಲೂರಿನಲ್ಲಿ ನೀಲವ್ವ ಕಿವಿಗೆ ಯಂತ್ರ ಹಚ್ಚಿಕೊಂಡು ಕಾದಿದ್ದಳು, ಇತ್ತ ಗಾಳಿ ಯಾವಾಗ ಬೀಳುವುದೋ ತಿಳಿಯದು. ಗಾಜು ತೆಗೆದೆ. ನಿಮ್ಮ ಹೆಸರು ಹೇಳಿ ನಾಬ್ ಮುಟ್ಟಿದೆ.

ಅದು ಕಳಚಿ ನನ್ನ ಕೈಗೇ ಬಂತು.

ಬಗ್ಗಿ ನೋಡಿದರೆ ನಾಬಿನ ಒಳಗಿನ ಹಿಡಿತ ಎಂದೋ ಸೀಳಿದೆ. ಸಡಿಲಾದ ನಾಬ್, ಅಷ್ಟೇ. ಮುಟ್ಟಿದರೆ ಬಿದ್ದು ಎಲ್ಲಿ ಉರುಳಿಹೋಗುವುದೋ ಎಂದು ನೀವು ಟೇಪು ಹಚ್ಚಿದ್ದಿರಿ! "ಇಷ್ಟಕ್ಕ ಮುನ್ನೂರು ವರ್ಷ ಕೈ ಕಟಗೊಂಡು ಕುಂತಿದ್ವೇನ್ರಲೇ!" ಎಂದು ಫಕೀರಪ್ಪಣ್ಣ ಅಂದದ್ದೇ ತಡ, ಊರಿಗೆ ಊರೇ ಹೊಟ್ಟೆ ಹಿಡಿದುಕೊಂಡು ನಕ್ಕಿತು. ನಾನು ನಾಬ್ ಕೂರುವ ಬರಿಯ ಕಡ್ಡಿಯನ್ನು ಉಗುರಲ್ಲಿ ಹಿಡಿದು ಮೆಲ್ಲಗೆ ತಿರುವಿದೆ. ಸಿಂತವ್ವ ಏರಿದಳು. ನಾವೂ ಗಂಟಲು ಬಿಗಿಹಿಡಿದು ಏರಿದೆವು. ಪದದ ಎರಡನೆಯ ಸಾಲಿಗೆ ನನ್ನ ಮಗ್ಗುಲಲ್ಲೇ ಕೂತಂತೆ ನೀಲವ್ವನ ದನಿ ಬಂದು ಸೇರಿತು, ಒಂದಿಷ್ಟು ಒಡೆದಿತ್ತು, ಆದರೂ ಅವಳದೇ. ಹಾಡು ಮುಗಿದ ಮೇಲೆ, "ಹಾಂ, ಈಗ ಬಂದಿ ನೋಡಕ್ಕಾ," ಅಂದಳು.

ನಾಬನ್ನು ಮತ್ತೆ ಅದರ ಜಾಗಕ್ಕೆ ಕೂಡಿಸಿದ್ದೇವೆ. ಕಾರಣ ತಿಳಿದ ಮೇಲೂ ಯಾರೂ ಅದನ್ನು ಮುಟ್ಟುತ್ತಿಲ್ಲ, ನೋಡಿ!

ಈಗ ನನ್ನ ಬೇಡಿಕೆ. ನಾಳೆ ಹೊಸ ಸಾಫ್ಟ್‌ವೇರಿಗೆ ಜೋಡಿಸುವ ಮುಂಚೆ ಆ ನಾಬನ್ನು ರಿಪೇರಿ ಮಾಡಿಸಿಬಿಡೋಣವೆಂದು ನಿಮಗೆ ಅನಿಸಬಹುದು. ಅಂಗಡಿಯಲ್ಲಿ ಹತ್ತು ನಿಮಿಷದ ಕೆಲಸ. ದಯವಿಟ್ಟು ಮಾಡಿಸಬೇಡಿ. ನಾಬ್ ಗಟ್ಟಿಯಿದ್ದರೆ ಟೇಪಿಲ್ಲ. ಟೇಪಿಲ್ಲದಿದ್ದರೆ ತಾಮ್ರಕ್ಕೆ ಬಂದವರು ಹಿಂದಿರುಗುವುದಿಲ್ಲ. ಆಗಿಹೋದದ್ದಕ್ಕೆ ಪತ್ರ ಯಾಕೆ ದಂಡ ಮಾಡುತ್ತೀ ಎಂದು ಮನೆಯವರು ನಗುತ್ತಾರೆ. ನಗಲಿ, ನನ್ನ ಎದೆಗೆ ಧೈರ್ಯ ಸಾಲದು. ಅವ್ವನಿಗೆ ಬರೆಯಬೇಕಿದ್ದ ಪತ್ರ ಇದು. ಬರೆದಿದ್ದರೂ ಅವ್ವ, ಮೊದಲು ತಂಗಿಯನ್ನು ನೋಡು ಎನ್ನುತ್ತಿದ್ದಳು.

ಸಡಿಲಾಗಿದ್ದರೆ ಸಡಿಲೇ ಇರಲಿ, ಅಕ್ಕಾ. ಒಂದು ಚೂರು ಟೇಪು ಹರಿಯಿರಿ, ಹಚ್ಚಿರಿ, ಕೈಗೆ ಸಿಕ್ಕ ಪೆನ್ನಿನಿಂದ ಆ ಒಂದು ಮಾತು ಬರೆದುಬಿಡಿ. ನನ್ನ ತಂಗಿ ಹಾಡಲಿ.