ಗುರಾಮನ ಪುಟಕ್ಕೆ ನನ್ನ ನೋಡ್ ಸಿಕ್ಕ ದಿನ

ನವೆಂಬರ್ ೧೪, ಗುರುವಾರ. ಟಿಬಿಲಿಸಿ.

ಇವತ್ತು ಕೆಲಸ ಮುಗಿದುಹೋಯಿತು. ಮುಗಿಯಬಾರದಿತ್ತು.

ಗುರಾಮ್ ನನ್ನನ್ನು ಬಿಟ್ಟು ಬೇಸಿಗೆಯಲ್ಲೇ ಬಟುಮಿಗೆ ಹೋದ. ಇಬ್ಬರೂ ಸೇರಿ ಒಪ್ಪಿಕೊಂಡಿದ್ದ ಈ ಕೆಲಸವೊಂದೇ ನಮ್ಮ ನಡುವೆ ಉಳಿದಿತ್ತು. ಜರ್ಮನಿಯ ಬಾಡಿಗೆ ಸರ್ವರ್‌ನಲ್ಲಿ ಬ್ಲಾಕ್‌ಚೈನ್ ನೋಡ್, ಅಂದರೆ ವಹಿವಾಟುಗಳ ಹೊಸ ಕಂತೆಗಳಾದ ಬ್ಲಾಕ್‌ಗಳನ್ನು ಪಡೆದು ಇಟ್ಟುಕೊಳ್ಳುವ ವ್ಯವಸ್ಥೆ, ನಡೆಸುವುದು ನನ್ನ ಪಾಲು, ಅವನ್ನು ಜನರಿಗೆ ತೋರಿಸುವ ವೆಬ್ ಪುಟ ಅವನದು. ಪುಟಕ್ಕೆ ನೋಡ್ ಸಿಗುತ್ತಲೇ ಇರಲಿಲ್ಲ. ಹಾಗಾಗಿ ದಿನಾ ಸಂಜೆ ಫೋನ್ ಮಾಡುತ್ತಿದ್ದ, ಬೈಯುತ್ತಿದ್ದ, ನಡುನಡುವೆ ನಗುತ್ತಲೂ ಇದ್ದ.

ಮಧ್ಯಾಹ್ನ ತಪ್ಪು ಕಣ್ಣಿಗೆ ಬಿತ್ತು. ನನ್ನ ಸರ್ವರ್‌ಗೆ ಹೊರಗಿನವರು ಬಾರದಂತೆ ತಡೆಯುವ ಫೈರ್‌ವಾಲ್ ಅವನ ಪುಟವನ್ನೂ ತಡೆಯುತ್ತಿತ್ತು. ಅದರ ಸೆಟ್ಟಿಂಗ್‌ನಲ್ಲಿ ಒಂದು ಸಾಲು ಬದಲಿಸಿದರೆ ಸಾಕಿತ್ತು. ಚಹಾ ಆರುವವರೆಗೆ ಆ ಸಾಲನ್ನೇ ನೋಡುತ್ತ ಕೂತಿದ್ದೆ. ಆಮೇಲೆ ಬದಲಿಸಿ, ನಾನೇ ಫೋನ್ ಮಾಡಿದೆ.

"ಈಗ ನೋಡು."

"ಬಂತು ಕಣೇ ಮಾಕಾ. ಹೊಸ ಬ್ಲಾಕ್‌ಗಳು ಒಂದರ ಹಿಂದೊಂದು ಬರ್ತಿವೆ. ಇಷ್ಟು ದಿನ ಏನ್ ಮಾಡ್ತಿದ್ದೆ, ನಿದ್ದೆನಾ?"

"ಹೂಂ, ಅದೇ."

ಅವನ ಹಿಂದಿನಿಂದ ಯಾವಳೋ ಊಟಕ್ಕೆ ಕರೆದಳು. "ಸರಿ ಹಾಗಾದ್ರೆ, ಇನ್ನು ನಿಂಗೆ ತೊಂದರೆ ಕೊಡಲ್ಲ" ಅಂದ. ತುಂಬ ಮರ್ಯಾದೆಯಿಂದ ಅಂದ. ನನ್ನ ಜೊತೆ ಎಂದೂ ಹಾಗೆ ಮಾತಾಡಿದವನಲ್ಲ.

ಆಗಿನಿಂದ ಪುಟ ತೆರೆದುಕೊಂಡೇ ಕೂತಿದ್ದೇನೆ. ಎಲ್ಲ ಸರಿಯಾಗಿ ನಡೆಯುತ್ತಿದೆ. ಎಲ್ಲಾದರೂ ಒಂದಿಷ್ಟು ಕೆಡಬಾರದೇ ಅನಿಸುತ್ತದೆ. ಕೆಟ್ಟರೆ ಅವನು...