ಎಡಗಿವಿ ಹಾಗೇ ಇರಲಿ

ಫೆಬ್ರವರಿ 11, 2025
ಬೆಳಿಗ್ಗೆ ಮತ್ತೆ ಮಗಳ ಹಿಂದೆ ನಿಂತು ತಾಟು ಬಾರಿಸಿದೆ. ಶೀತಲ್ ತಿರುಗಲಿಲ್ಲ. ಹುಟ್ಟಿನಿಂದಲೇ ಕೇಳಿಸುವುದಿಲ್ಲ ಎಂದು ಡಾಕ್ಟರು ಹೇಳಿಯಾಗಿದೆ. ಆದರೂ ಕೈ ಸುಮ್ಮನಿರುವುದಿಲ್ಲ. ಸಂಜೆಯೂ ಬಾರಿಸುತ್ತೇನೆ, ಗೊತ್ತು.

ಪವರ್‌ಲೂಮ್ ಗದ್ದಲದಲ್ಲೂ ಹಾಯಾಗಿ ಮಲಗುತ್ತಿದ್ದಳು. "ನೇಕಾರರ ಕೂಸು ಅಂದ್ರ ಹಿಂಗಿರಬೇಕು" ಎಂದು ಅತ್ತೆ ಬನಹಟ್ಟಿ ತುಂಬ ಹೇಳಿಕೊಂಡು ಬಂದರು. ಮಗ್ಗದ ಸದ್ದಿನ ಈ ಮನೆಯಲ್ಲಿ ಯಾರು ಯಾರನ್ನು ಕೂಗುತ್ತಾರೆ? ಊಟಕ್ಕೂ ಕೈಸನ್ನೆ. ಒಂದೂವರೆ ವರ್ಷ ಗೊತ್ತೇ ಆಗಲಿಲ್ಲ...

ಫೆಬ್ರವರಿ 19
ರಕ್ತದ ರಿಪೋರ್ಟ್ ಬಂತು. ಒಂದು ಜೀನ್‌ನಲ್ಲಿ ದೋಷ. ಹೊರದೇಶದಲ್ಲಿ ಅದೇ ದೋಷಕ್ಕೆ ಕಿವಿಯೊಳಗೆ ಇಂಜೆಕ್ಷನ್ ಕೊಟ್ಟು ಕೆಲವು ಮಕ್ಕಳಿಗೆ ಕೇಳಿಸತೊಡಗಿದೆಯಂತೆ. ಇಲ್ಲಿ ಇನ್ನೂ ಸಿಗುವುದಿಲ್ಲ. ಇಲ್ಲಿರುವುದು ಆಪರೇಶನ್ ಮಾಡಿ ಕಿವಿಯೊಳಗೆ ಕೂಡಿಸುವ ಮಷಿನ್ ಮಾತ್ರ. ಗಂಡ ಮಹಾಶಯರು ಮೊಬೈಲಿನಲ್ಲಿ ಅದೇ ವಿಡಿಯೋ ತಿರುಗಿಸಿ ತಿರುಗಿಸಿ ನೋಡುತ್ತಿದ್ದಾರೆ.

"ತಲಿ ಕೊರದು ಮಷಿನ್ ಯಾಕ ಕೂಡ್ಸೂದು? ಇಂಜೆಕ್ಷನ್ ಬರತೈತಿ. ಹಾದಿ ನೋಡೂಣು."

"ಯಾವಾಗ ಬರತೈತ್ರಿ? ಮಾತು ಕಲಿಯೂ ವಯಸ್ಸು ಹಾದಿ ನೋಡ್ತೈತೇನ್ರಿ?"

ಇವರು ಎದ್ದು ಮಗ್ಗದ ಕಡೆ ಹೋದರು. ನನಗೆ ಸಿಟ್ಟು. ಆ ಇಂಜೆಕ್ಷನ್ ಆಸೆ ನನಗೂ ಇದೆ — ಅದಕ್ಕೇ ಇನ್ನೂ ಸಿಟ್ಟು.

ಫೆಬ್ರವರಿ 27
ಹುಬ್ಬಳ್ಳಿ ಡಾಕ್ಟರೇ ದಾರಿ ತೋರಿಸಿದರು. ಬಲಗಿವಿಗೆ ಈಗಲೇ ಮಷಿನ್. ಎಡಗಿವಿ ಹಾಗೇ ಇರಲಿ, ಮುಂದೆ ಇಂಜೆಕ್ಷನ್ ಬಂದರೆ ಅದಕ್ಕೆ. ಬಸ್ಸಿನಲ್ಲಿ ಲೋಕಾಪುರ ದಾಟಿದ ಮೇಲೆ ಇವರು ಮಗುವಿನ ಎಡಗಿವಿ ಸವರಿ, "ಇದು ನಂದು" ಎಂದರು. ನನಗೆ ಅಳು ಬಂತು.

ಏಪ್ರಿಲ್ 2
ಆಪರೇಶನ್ ಗಾಯ ಮಾಗಿದೆ. ಮಷಿನ್ ಆನ್ ಮಾಡುವುದು ಇನ್ನೂ ಬಾಕಿ. ಒಲೆ ಮೇಲಿನ ಹಾಲು ಮರೆಯುತ್ತೇನೆ. ಕೂತಲ್ಲಿ ಕೂರಲಾರೆ. ಕೇಳಿಸದಿದ್ದರೆ?

ಏಪ್ರಿಲ್ 16, ಸಂಜೆ
ಇವತ್ತು ಆನ್ ಮಾಡಿದರು. ಕಣ್ಣು ಮಿಟುಕಿಸಿದಳು, ಅಷ್ಟೇ. ನಿಧಾನಕ್ಕೆ ಅಭ್ಯಾಸವಾಗುತ್ತದೆ ಎಂದರು ಡಾಕ್ಟರು.

ಮನೆಗೆ ಬಂದರೆ ಅತ್ತೆ ಮಗ್ಗಗಳನ್ನೆಲ್ಲ ಬಂದ್ ಮಾಡಿಸಿದ್ದರು. ಹಗಲಲ್ಲಿ ಈ ಮನೆ ಇಷ್ಟು ಸುಮ್ಮನಿದ್ದುದನ್ನು ನಾನು ಕಂಡಿರಲಿಲ್ಲ. ಅತ್ತೆ ಶೀತಲ್ ಹಿಂದೆ ಕೂತು ಕರೆದರು.

"ಶೀತಲ್... ನನ್ನವ್ವ, ಹೊಳ್ಳಿ ನೋಡ ಬೇ."

ನೋಡಲಿಲ್ಲ. ಇವರು ಕರೆದರು. ನಾನು ಕರೆದೆ. ಇಲ್ಲ. ತಾಟು ಬಾರಿಸಲು ಧೈರ್ಯ ಬರಲಿಲ್ಲ. ಇವರು ಮುಖ ತಿರುಗಿಸಿಕೊಂಡು ಹೋಗಿ ಒಂದು ಮಗ್ಗ ಶುರು ಮಾಡಿದರು.

ಶೀತಲ್ ಬೆಚ್ಚಿಬಿದ್ದಳು. ಸುತ್ತ ನೋಡಿ ಜೋರಾಗಿ ಅಳತೊಡಗಿದಳು.

"ಬಂದ್ ಮಾಡೋ ಮುತ್ತಣ್ಣ, ಕೂಸು ಅಂಜತೈತಿ" ಎಂದು ಅತ್ತೆ ಮಗನಿಗೆ ಕೂಗಿ ಹೇಳಿದರು. ಅವರ ಕಣ್ಣಲ್ಲೂ ನೀರು. ಮಗ್ಗ ನಿಂತಿತು. ಅಳುವೂ ನಿಂತಿತು.

ಅವಳ ಹೆಸರಲ್ಲ, ನಮ್ಮ ಕರೆಯೂ ಅಲ್ಲ. ಮೊದಲು ಕೇಳಿಸಿದ್ದು ಮಗ್ಗ. ಇರಲಿ. ಹೆದರುತ್ತಾಳೆ, ಗೊತ್ತು. ಆದರೂ ಕೈ ಸುಮ್ಮನಿರಲಿಲ್ಲ. ನಾನೇ ಹೋಗಿ ಮತ್ತೊಮ್ಮೆ ಮಗ್ಗದ ಗುಂಡಿ ಒತ್ತಿದೆ. ಅವಳು ಅಳಲಿಲ್ಲ, ಮೆಲ್ಲಗೆ ತಿರುಗಿ ಮಗ್ಗದ ಕಡೆ ನೋಡಿದಳು.